ಎಳೆಯ ತುದಿ

"ಎಷ್ಟು ನಿಮಿಷ ಉಸಿರಿರಲಿಲ್ಲ?" ಅಂದರು ಡಾಕ್ಟರು.
ನನ್ನ ಹತ್ತಿರ ಗಡಿಯಾರವೆಲ್ಲಿ?
ತಮ್ಮ ದಸ್ತು ಸಂಪಿಗಿಳಿದಾಗ ಬಾಣಲೆಗೆ ಗೂಡು ಹಾಕಿದ್ದೆ,
ಮೇಲೆಳೆದಾಗ ಅವು ಬೆಂದು ಎಳೆ ಬಿಡುತ್ತಿದ್ದವು.
ಅಷ್ಟು ಹೊತ್ತು ಸಾರ್. ಬರಕೊಳ್ಳಿ.

ಅವರು ಬರೆಯಲಿಲ್ಲ.
ರೆಪ್ಪೆ ಎತ್ತಿ ಟಾರ್ಚು ಬಿಟ್ಟರು, ಪಾಪೆ ಕುಗ್ಗಿತು.
ಉಗುರ ಮೇಲೆ ಪೆನ್ನು ಒತ್ತಿದರು, ಕೈ ಸುಮ್ಮನಿತ್ತು.
ಹೆಸರು ಹಿಡಿದು ಕೂಗಿ ಅಂದರು. ಕೂಗಿದೆ.
ಚಿಕ್ಕಬಳ್ಳಾಪುರದ ಆ ಐಸಿಯು ಪೂರ್ತಿ ತಿರುಗಿ ನೋಡಿತು,
ಅವನೊಬ್ಬನ ಬಿಟ್ಟು.

"ಮೂರು ದಿನ ಹೋಗಲಿ. ಈಗಲೇ ಏನೂ ಹೇಳಬಾರದು."

ಹೇಳಬಾರದೆಂದು ನನಗೂ ಗೊತ್ತು.
ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ
ಬಿಸಿನೀರಲ್ಲಿ ಬೆರಳಿಟ್ಟವಳು.
ಕೆಲವು ಗೂಡು ಮುಟ್ಟಿದೊಡನೆ ತುದಿ ಕೊಡುತ್ತವೆ,
ಕೆಲವು ಎಷ್ಟು ತಡವಿದರೂ ಬರೀ ಜುಟ್ಟು.
ಒಳಗೆ ಎಳೆ ಇದೆಯೋ, ಹುಳ ಕೊಳೆತಿದೆಯೋ,
ಹೊರಗಿಂದ ಎರಡೂ ಬಿಳಿ.

ಎರಡನೇ ರಾತ್ರಿ ಅವನ ಕಿರುಬೆರಳು ಅಲುಗಿತು.
"ಅದು ತಂತಾನೇ ಆಗೋದು, ಆಸೆ ಇಟ್ಕೋಬೇಡಿ"
ಅಂದರು ನರ್ಸಮ್ಮ.
ಇಟ್ಟುಕೊಂಡಿಲ್ಲ.
ಬೆಂದು ಬಿಳಚಿದ ಈ ಬೆರಳುಗಳನ್ನು
ಅವನ ಅಂಗೈಯಲ್ಲಿ ಇಟ್ಟಿದ್ದೇನೆ, ಅಷ್ಟೆ.
ತುದಿ ಸಿಕ್ಕರೆ
ಇವಕ್ಕೆ ಗೊತ್ತಾಗುತ್ತದೆ.