ಮೂವತ್ತೊಂದನೆಯ ಸ್ಲೈಡು

ಕ್ಲೆಮೆಂಟ್ ಆಡ್ಲಿಯ ಬಾಯಲ್ಲಿ ನಮ್ಮ ಎಲ್ಡರ್‌ನೆಸ್ಸಿಗೆ
ಬರೋಬ್ಬರಿ ಐವತ್ತು ನಿಮಿಷ ವಯಸ್ಸು.
ಪ್ರಶ್ನೆಗಳಿಗೆ ಹತ್ತು, ಆಮೇಲೆ ಚಹಾ.
ಸೋಮವಾರ ವಿಧವೆಯರ ಕ್ಲಬ್ಬು, ಬುಧವಾರ ಲೈಫ್‌ಬೋಟಿನವರು,
ಚರ್ಚಿನ ಹಿಂದಿನ ಹಾಲಿನಲ್ಲಿ ಗುರುವಾರ ಹೆಣಿಗೆಯವರು.
ಸಂಭಾವನೆ ಹದಿನೈದು ಪೌಂಡು,
ಕೆಲವೊಮ್ಮೆ ಬರೀ ಒಂದು ನಿಂಬೆ ಕೇಕು.

ನಾನು ಸ್ಲೈಡು ಬದಲಿಸುವವನು.
ಬಸ್ಸು ಓಡಿಸಿ ನಿವೃತ್ತನಾದವನಿಗೆ
ಇದೂ ಒಂದು ರೂಟೇ: ಅದೇ ನಿಲ್ದಾಣ, ಅದೇ ತಿರುವು.
ಹಾಡಿದ್ದೇ ಹಾಡು, ಅನ್ನುತ್ತಾಳೆ ನನ್ನ ಹೆಂಡತಿ.
ಇರಲಿ. ಕಣ್ಣು ಮುಚ್ಚಿದರೂ ನನಗೆ ಗೊತ್ತು
ಯಾವ ಮಾತಿಗೆ ಗುಂಡಿ ಒತ್ತಬೇಕೆಂದು.

ಕಡಲು ನುಂಗಿದ ಎರಡು ಬೀದಿ. ಕ್ಲಿಕ್.
ಒಂದೇ ರಾತ್ರಿಗೆ ಸುಟ್ಟುಹೋದ ಪಿಯರು. ಕ್ಲಿಕ್.
ಮೇಯರನ ಟೋಪಿ ಗಾಳಿಗೆ ಹಾರಿದ್ದು
(ಇಲ್ಲಿ ನಗು, ಕಾಯಬೇಕು). ಕ್ಲಿಕ್.
ಮೂವತ್ತೊಂದಕ್ಕೆ ಹೆರಿಂಗ್ ಮೀನು ಸೀಳುವ ಹುಡುಗಿಯರು,
ದೋಣಿಗಳ ಬೆನ್ನಿಗೆ ಸ್ಕಾಟ್ಲೆಂಡಿನಿಂದ ರೈಲು ಹತ್ತಿ ಬಂದವರು,
ಪೀಪಾಯಿಗಳ ಮುಂದೆ ಸಾಲಾಗಿ, ನಗುತ್ತಾ.
"ನಿಮಿಷಕ್ಕೆ ಅರವತ್ತು ಮೀನು! ಕೈಯಲ್ಲಿ ಚೂರಿ,
ಬೆಳಗಿನಿಂದ ಕತ್ತಲೆವರೆಗೆ ಹಾಡುತ್ತಿದ್ದರು."
ಹಾಡುತ್ತಿದ್ದರು ಅಂದ ಕೂಡಲೇ ಒತ್ತುವುದು.
ಹನ್ನೆರಡು ವರ್ಷ ಒಮ್ಮೆಯೂ ತಪ್ಪಿಲ್ಲ.

ಆ ಗುರುವಾರ, ಒತ್ತುವ ಮೊದಲೇ,
ಹಿಂದಿನ ಸಾಲಿನಿಂದ, ಹೆಣಿಗೆ ನಿಲ್ಲಿಸದೆ, ಜೀನಿ ಫಿಂಡ್ಲೆ:
"ಎಡದಿಂದ ಮೂರನೆಯವಳು ನಮ್ಮಮ್ಮ.
ಅವಳು ಹಾಡುತ್ತಿರಲಿಲ್ಲ."

ಕುರ್ಚಿಗಳು ಕಿರುಗುಟ್ಟಿದವು.
"ನಗುತ್ತಿದ್ದಾಳಲ್ಲ?" ಎಂದ ಆಡ್ಲಿ, ಮೆಲ್ಲಗೆ.
"ಫೋಟೋದವನು ತಲೆಗೆ ಮೂರು ಪೆನ್ನಿ ಕೊಟ್ಟ.
ಹಾಡಿದವರೂ ಇದ್ದರು. ಕೊಯ್ದ ಬೆರಳಿಗೆ ಉಪ್ಪು ಇಳಿದಾಗ
ಮೇಸ್ತ್ರಿಯ ಕಿವಿಗೆ ನರಳಾಟ ಬೀಳದಿರಲೆಂದು."

ಎದ್ದು ಬಂದಳು, ಎಂಬತ್ತೇಳರ ಮುದುಕಿ, ಕೋಲಿಲ್ಲದೆ.
ಪಾತ್ರೆ ಒರೆಸುವ ಬಟ್ಟೆಯೊಂದನ್ನು ಕೇಳಿ ಇಸಿದುಕೊಂಡು
ಉದ್ದುದ್ದ ಸೀಳಿ, ಆಡ್ಲಿಯ ಬೆರಳಿಗೆ ಒಂದೊಂದಾಗಿ ಸುತ್ತಿದಳು,
ಹಿಟ್ಟಿನ ಚೀಲದ ಪಟ್ಟಿಯನ್ನು ಅವಳಮ್ಮ ಸುತ್ತಿಕೊಂಡ ಹಾಗೆ,
ಉಣ್ಣೆಯ ದಾರದಲ್ಲಿ ಬಿಗಿದು, ಗಂಟನ್ನು ಹಲ್ಲಲ್ಲಿ ಎಳೆದು.
ಪ್ರೊಜೆಕ್ಟರಿನ ಬೆಳಕು ಅವಳ ಬೆನ್ನ ಮೇಲಿತ್ತು.
ಅಮ್ಮನ ಏಪ್ರನ್ನು ಮಗಳ ಸ್ವೆಟರಿನ ಮೇಲೆ ಬಿದ್ದು
ಉಸಿರಾಡುತ್ತಿತ್ತು.
"ಊರಿಗೆ ಬಂದವಳು ನೀರಿಗೆ ಬರಲೇಬೇಕು, ಸರಿ.
ಹಾಡಲೂಬೇಕೆಂದು ಯಾರು ಹೇಳಿದರು?"

ಹತ್ತೂ ಬೆರಳು ಬೆಳ್ಳಗೆ ದಪ್ಪಗಾಗಿ ಆತ
ಬಿಸ್ಕತ್ತು ಹಿಡಿಯಲಾರದೆ, ಟಿಪ್ಪಣಿ ತಿರುವಲಾರದೆ ನಿಂತ.
ಯಾರೋ ಕಪ್ಪನ್ನು ಅವನ ಬಾಯಿಗೆ ಹಿಡಿದರು.
ಲಾಟರಿ ಎತ್ತುವುದು ಆ ದಿನ ಮರೆತೇಹೋಯಿತು;
ಬಹುಮಾನದ ಶೆರಿ ಬಾಟಲಿ ಹಾಲಿನ ಕಪಾಟಿನಲ್ಲಿ
ಇನ್ನೂ ಹಾಗೇ ಇದೆ.

ಮುಂದಿನ ಮಂಗಳವಾರ, ಬೌಲ್ಸ್ ಕ್ಲಬ್ಬು.
ಬೀದಿ, ಪಿಯರು, ಟೋಪಿ, ನಗು.
ಮೂವತ್ತೊಂದು.
"ಎಡದಿಂದ ಮೂರನೆಯವಳು," ಎಂದ ಆಡ್ಲಿ, "ಹೆಸರು ಕ್ರಿಸ್ಸಿ."
ಅಷ್ಟೇ. ಆ ಮಾತು ಬರಲಿಲ್ಲ.
ನನ್ನ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಾ ಇತ್ತು.
ದೀಪದ ಕಾವಿಗೆ ಸ್ಲೈಡು ಸಣ್ಣಗೆ ಬಾಗಿ
ಹುಡುಗಿಯರ ಮುಖ ಮಸುಕಾಯಿತು,
ಆಮೇಲೆ ತಾನಾಗಿಯೇ ತಿಳಿಯಾಯಿತು.
ಹಿಂದೆ ಯಾರೋ ಕೆಮ್ಮಿದರು.
ಹೊರಗೆ ಭರತ, ತಡೆಗೋಡೆಗೆ ಬಡಿಯುವ ಸದ್ದು.

ನಾನು ಒತ್ತಲಿಲ್ಲ.