ಎಡಕ್ಕೆ ಎಳೆಯುತ್ತದೆ

"ಎಡಕ್ಕೆ ಎಳೆಯುತ್ತದೆ" ಅಂದ ರೋಹಿದಾಸ ಹರಿಕಂತ್ರ,
ಸೈಕಲ್ಲಿನ ಹ್ಯಾಂಡಲ್ ಬಗ್ಗೆ ಹೇಳುವಂತೆ.
ಮೀನಿನ ಚೀಲದಲ್ಲಿ ಸುತ್ತಿ ತಂದಿದ್ದ,
ಎರಡು ಕೈಯಗಲದ ಕಪ್ಪು ಯಂತ್ರ.
ಮೇಜಿನ ಮೇಲಿಟ್ಟೆ. ಕೈ ತೆಗೆದೆ.
ತೆರೆಯೊಳಗೆ ಕಂಬಳಿ ಹೊದ್ದ ಪ್ರಯಾಣಿಕನೊಬ್ಬ
ಯಾರೂ ಹೇಳದೆ, ಯಾರೂ ಮುಟ್ಟದೆ
ಮೆಲ್ಲಗೆ ಪಡುವಣಕ್ಕೆ ನಡೆಯತೊಡಗಿದ.

ಉಪ್ಪು. ಬೇರೇನಲ್ಲ.
ಬೈತಖೋಲದ ಗಾಳಿ ಬಾಗಿಲ ಚಿಲಕ ತಿನ್ನುತ್ತದೆ,
ಸ್ಕೂಟರಿನ ಸೈಲೆನ್ಸರ್ ತಿನ್ನುತ್ತದೆ,
ನನ್ನ ಸ್ಕ್ರೂಡ್ರೈವರನ್ನೇ ವರ್ಷಕ್ಕೊಂದರಂತೆ ತಿನ್ನುತ್ತದೆ.
ಹೆಬ್ಬೆರಳ ಕೆಳಗಿನ ಇಷ್ಟೇ ಇಷ್ಟು ಇಂಗಾಲದ ಪಟ್ಟಿ
ಅದಕ್ಕೆ ಯಾವ ಲೆಕ್ಕ.

ಈ ಸ್ಟೂಲಿನ ಮೇಲೆ ಕೂತು ಹನ್ನೊಂದು ವರ್ಷ.
ಬೋಟಿನವರ ವೈರ್‌ಲೆಸ್ಸು, ಮೀನು ಹುಡುಕುವ ಪರದೆ,
ನೌಕಾನೆಲೆಯ ಹುಡುಗರ ಫೋನು.
ಇದೂ ಅಲ್ಲಿಂದಲೇ ಬಂದದ್ದು,
ವಿಶಾಖಪಟ್ಟಣಕ್ಕೆ ವರ್ಗವಾದ ನಾವಿಕನೊಬ್ಬ
ಅರ್ಧ ಬೆಲೆಗೆ, ಚಾರ್ಜರಿಲ್ಲದೆ, ಕೊಟ್ಟು ಹೋದದ್ದು.
"ಇದರಲ್ಲಿ ವಿಂಡೋಸೇ ಇಲ್ಲವಂತೆ, ಆದರೂ ಅದರ ಆಟ ಆಡುತ್ತದೆ.
ಎಂತ ಮಾಟವೋ."

ಮಾಟವಲ್ಲ ಮಾರಾಯ, ನಿನ್ನ ಅಕ್ಕ ಮಾಡುವುದೇ.
ಮೀನುಪೇಟೆಯಲ್ಲಿ ಕೂತು ಅವಳು
ನನ್ನ ಹತ್ತಿರ ಕೊಂಕಣಿ, ಬ್ಯಾಂಕಿನವರಿಗೆ ಕನ್ನಡ,
ಘಟ್ಟದಾಚೆಯ ಏಜೆಂಟನಿಗೆ ಮರಾಠಿ, ನೇವಿಯವರಿಗೆ ಹಿಂದಿ.
ಬಂಗುಡೆ ಒಂದೇ.
ಒಳಗೆ ಕೂತಿರುವುದು ಲಿನಕ್ಸ್. ಆಟ ಪರವೂರಿನದು,
ಹೊಸ್ತಿಲಲ್ಲಿ ನಿಂತು ಕೇಳುತ್ತದೆ: ಸಿ ಡ್ರೈವ್ ಎಲ್ಲಿ?
ನಡುವಿನ ದುಭಾಷಿ ಯಾವುದೋ ಫೋಲ್ಡರ್ ತೋರಿಸಿ
ಇದೇ, ಬಾ, ಕೂತ್ಕೋ, ಅನ್ನುತ್ತಾನೆ.
ಆಟ ನಂಬುತ್ತದೆ. ಸೆಕೆಂಡಿಗೆ ನಲವತ್ತು ಸಲ ನಂಬುತ್ತದೆ.
ಒಮ್ಮೊಮ್ಮೆ ಮಾತು ಸಿಗದೆ ದುಭಾಷಿ ತಡವರಿಸುತ್ತಾನೆ,
ಆಗ ಕುದುರೆಗೆ ಮುಖ ಇರುವುದಿಲ್ಲ.

"ಹೌದು! ನನ್ನ ಕುದುರೆಗೆ ಮುಖವಿಲ್ಲ!"
ಅದು ಕತೆಯಲ್ಲೇ ಹಾಗೆ ಅಂದುಕೊಂಡಿದ್ದ ಅವನು.

ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ.
ಒಂದು ಬೋಟು ತುಂಬಿಕೊಂಡು ಹೋಗಿ ಇನ್ನೊಂದು ಬರುವವರೆಗೆ
ಇಪ್ಪತ್ತು ನಿಮಿಷ ಆಟ.
ಹಾರ್ನ್ ಕೇಳಿತೋ, ಮೇಲಿನ ಗುಂಡಿ ಒತ್ತುತ್ತಾನೆ.
ಶತ್ರು ಎತ್ತಿದ ಕೊಡಲಿ ಎತ್ತಿದಲ್ಲೇ ಹೆಪ್ಪುಗಟ್ಟುತ್ತದೆ.
ಅಮೋನಿಯಾ ವಾಸನೆಯಲ್ಲಿ ಐವತ್ತು ಕಿಲೋದ ಐಸಿನ ದಿಮ್ಮಿಗಳು
ಜಾರಿ, ಪುಡಿಯಾಗಿ, ಬೋಟಿನ ಹೊಟ್ಟೆ ಸೇರುತ್ತವೆ.
ಮರಳಿ ಬಂದು, ಕೈ ಒರೆಸಿಕೊಂಡು, ಮತ್ತೆ ಗುಂಡಿ:
ಕೊಡಲಿ ಇಳಿಯುತ್ತದೆ.
"ಬೆರಳು ಮರಗಟ್ಟಿರುತ್ತದಲ್ಲ, ಸುಮಾರು ಸಲ ಸತ್ತಿದ್ದೇನೆ."

ಹೊಸ ಕಡ್ಡಿ ಹಾಕಿದೆ. ಅಯಸ್ಕಾಂತದ್ದು, ಉಪ್ಪಿಗೆ ಬಗ್ಗದ್ದು,
ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ ತರಿಸಿದ್ದು, ಏಳುನೂರ ಇಪ್ಪತ್ತು.
ಮೇಜಿನ ಮೇಲಿಟ್ಟೆ. ಕೈ ತೆಗೆದೆ.
ಪ್ರಯಾಣಿಕ ನಿಂತ. ನಿಂತೇ ಇದ್ದ.

ವಾರ ಬಿಟ್ಟು ಬಂದ ರೋಹಿದಾಸ.
"ಸರಿ ಇದೆ" ಅಂದ. ಹೋಗಲಿಲ್ಲ.
ಕೌಂಟರಿನ ಮೇಲಿದ್ದ ಫೋನ್ ಕವರುಗಳನ್ನು ಒಂದೊಂದೇ ತಿರುವಿ ನೋಡಿದ.

"ಮೊದಲು ಹೇಗೆ ಅಂದರೆ,
ಗುಂಡಿ ಒತ್ತಲು ಮರೆತು ಓಡಿದ ರಾತ್ರಿ
ಅವನು ತನ್ನಷ್ಟಕ್ಕೆ ಎಲ್ಲೆಲ್ಲೋ ಹೋಗಿರುತ್ತಿದ್ದ.
ಒಮ್ಮೆ ಗೋಧಿ ಹೊಲ. ಒಮ್ಮೆ ಯಾವುದೋ ಹಾಳು ಗಿರಣಿ.
ಒಮ್ಮೆ ನಕಾಶೆಯೇ ಮುಗಿದಿತ್ತು,
ಕಾಣದ ಗೋಡೆಗೆ ಮುಖವಿಟ್ಟು ಇನ್ನೂ ಕಾಲು ಹಾಕುತ್ತಿದ್ದ.
ಆಚೆ ಬರೀ ನೀರು.
ಹದಿನೆಂಟು ವರ್ಷದಿಂದ ಬೋಟುಗಳಿಗೆ ಐಸ್ ತುಂಬುತ್ತೇನೆ,
ದೇವಗಡದ ದೀಪ ದಾಟಿ ಹೋದವನಲ್ಲ.
ವಾಂತಿ ಬರುತ್ತದೆ ನನಗೆ."

ಬಾಗಿಲಿಗೆ ಬೀಗವಿಲ್ಲದ ಯಂತ್ರ ಇದು, ಕೇಳಿದರೆ ಕೊಡುತ್ತದೆ.
ಕೀಬೋರ್ಡ್ ಸಿಕ್ಕಿಸಿ ಕರಿ ಕಿಟಕಿ ತೆರೆದೆ,
ಎರಡು ಸಲ ತಪ್ಪು ಟೈಪಿಸಿ, ಬೈದುಕೊಂಡು,
ಕಡ್ಡಿಯ ನಡುಬಿಂದುವನ್ನು
ಕೂದಲೆಳೆಯಷ್ಟು ಸರಿಸಿದೆ.
ಕಂಬಳಿಯವನು ಹೊರಟ.

ರೋಹಿದಾಸ ಚೀಲದಲ್ಲಿ ಸುತ್ತಿಕೊಂಡ.
ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು,
"ಅಪ್‌ಡೇಟ್ ಬಂದರೆ ಕುದುರೆಗೆ ಮುಖ ಬರುತ್ತದಾ?"
ಬರಬಹುದು, ಅಂದೆ.
"ಹಾಕಬೇಡ, ಸುಲಕ್ಷಾ."