ಷರಾ

ಶಿವಮೊಗ್ಗ, ಸವಳಂಗ ರಸ್ತೆ.
ಮರ ನಂಬರ್ ನಾನೂರ ಹದಿನೇಳು. ಜಾತಿ: ಹೊಂಗೆ.
ಸುತ್ತಳತೆ ಎದೆಮಟ್ಟದಲ್ಲಿ ಹಿಡಿಯಬೇಕು ಅನ್ನುತ್ತದೆ ನಿಯಮ.
ಆ ಎದೆ ನೂರ ಮೂವತ್ತೇಳು ಸೆಂಟಿಮೀಟರಿನದು;
ನನಗದು ಗದ್ದ.
ಟೇಪಿನ ಆಚೆ ತುದಿ ಹಿಡಿದವರು
ಪಂಕ್ಚರ್ ಅಂಗಡಿಯ ದಸ್ತಗೀರ್ ಸಾಬರು.

ಮೊಬೈಲು ಗುಣಿಸಿ ಭಾಗಿಸಿ ಹೇಳಿತು:
ವರ್ಷಕ್ಕೆ ಇಷ್ಟು ಕಿಲೋ ಇಂಗಾಲ, ಇಷ್ಟು ಕೊಡ ಮಳೆನೀರು,
ಇಷ್ಟು ರೂಪಾಯಿ.
"ಯಾರಿಗೆ ಕೊಡ್ತಾರಮ್ಮ?" ಅಂದರು ಸಾಬರು.
ನಗಲಿಲ್ಲ.

ತುಂಗೆ ಪಕ್ಕದಲ್ಲೇ ಹರಿದರೂ ಏಪ್ರಿಲ್ ಏಪ್ರಿಲ್ಲೇ.
ಬಿಸಿಲಲ್ಲಿ ಹಚ್ಚಿದ ಸೊಲ್ಯೂಷನ್ ಹೊಪ್ಪಳಿಕೆ ಏಳುತ್ತದಂತೆ,
ನೆರಳಲ್ಲಾದರೆ ಪ್ಯಾಚು ಕಚ್ಚಿ ಕೂರುತ್ತದೆ.
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ.

ಆಮೇಲೆ ತೋರಿಸಿದರು, ಟ್ಯೂಬು ನೇತುಹಾಕುತ್ತಿದ್ದ ಮೊಳೆ.
ಮಗಳು ಹುಟ್ಟಿದ ವರ್ಷ ಹೊಡೆದದ್ದು.
ಆಗ ನಾಲ್ಕು ಬೆರಳು ಹೊರಗಿತ್ತು,
ಈಗ ತಲೆಯಷ್ಟೇ.
"ನಾ ಹೊಡೆದಿದ್ದು ಎರಡೇ ಏಟು.
ಉಳಿದಿದ್ದೆಲ್ಲ ಇದೇ ಬಂದು ನುಂಗಿದ್ದು."

ಲಾರಿಯೊಂದು ಹಾದುಹೋಯಿತು. ಹೊಂಗೆ ಹೂ
ಟೇಪಿನ ಮೇಲೆ, ಅವರ ಟೋಪಿಯ ಮೇಲೆ,
ಗಾಳಿ ತುಂಬಿದ ಟ್ಯೂಬು ಮುಳುಗಿಸುವ ಬಾನಿಯ ನೀರಿನ ಮೇಲೆ.
ಷರಾ ಕಾಲಮಿನಲ್ಲಿ ಬರೆದೆ:
ಮೊಳೆ ಒಂದು.
ಕೀಳಬಾರದು.